ಚಿಂದಿಗೆ ಯಂತ್ರ ಕೇಳುವ ಮೊದಲು

ಬಳ್ಳಾರಿಯ ಜೀನ್ಸ್ ಘಟಕಗಳ ಯಜಮಾನರು ನನಗೆ ಕರೆ ಮಾಡಿದರೆ ಹೆಚ್ಚಾಗಿ ಕೇಳುವುದು ಒಂದೇ: "ಸರ್, ಚಿಂದಿ ರಾಶಿ ಬಿದ್ದಿದೆ, ಅದಕ್ಕೊಂದು ಯಂತ್ರ ಹೇಳಿ." ಕತ್ತರಿಸಿ ಉಳಿದ ಚಿಂದಿಯನ್ನು ಮತ್ತೆ ನೂಲಾಗಿಸುವ ಯಂತ್ರಗಳೇನೋ ಇವೆ. ಆದರೆ ಚೀಲ ಬಿಚ್ಚಿ ನೋಡಿದರೆ ಅಪ್ಪಟ ಹತ್ತಿಯ ಡೆನಿಮ್, ಸ್ಟ್ರೆಚ್ ಬಟ್ಟೆ, ಜೇಬಿನೊಳಗೆ ಹಾಕುವ ಪಾಲಿಯೆಸ್ಟರ್ ಮಿಶ್ರಿತ ಬಿಳಿ ಬಟ್ಟೆ, ಮುರಿದ ಜಿಪ್, ಗುಡಿಸಿ ತುಂಬಿದ ಮಣ್ಣು ಎಲ್ಲವೂ ಒಟ್ಟಿಗೇ ಇರುತ್ತವೆ. ಇದನ್ನು ಯಾವ ಯಂತ್ರಕ್ಕೆ ಹಾಕುವುದು?

ಬಟ್ಟೆ ಖರೀದಿಸಿದ ದಿನವೇ ಚಿಂದಿಯ ಹಣೆಬರಹ ಬರೆದಾಗಿರುತ್ತದೆ. ಈ ಮಾತನ್ನು ಎಷ್ಟು ಸಲ ಹೇಳಿದರೂ ತಲೆಯಾಡಿಸಿ ಮತ್ತೆ ಯಂತ್ರದ ಬೆಲೆಯನ್ನೇ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಚಿಂದಿಯನ್ನು ಮತ್ತೆ ನೂಲಾಗಿಸಬೇಕಾದರೆ ಮೊದಲು ಮುಳ್ಳಿನ ಉರುಳೆಗಳ ನಡುವೆ ಹಿಂಜಿ ಎಳೆಯಾಗಿಸಬೇಕು. ಎಳೆಗಳು ಗಿಡ್ಡವಾಗುವುದರಿಂದ ಅದಕ್ಕೆ ಹೊಸ ಹತ್ತಿ ಬೆರೆಸಿ ನೂಲುತ್ತಾರೆ. ಹತ್ತಿ ಮಾತ್ರವಿದ್ದರೆ ಕೆಲಸ ಸುಗಮ. ಸ್ಟ್ರೆಚ್ ಬಟ್ಟೆಗೆ ಹಿಗ್ಗುವ ಗುಣ ಕೊಡುವ ರಬ್ಬರಿನಂಥ ಕೃತಕ ಎಳೆ, ಇಲಾಸ್ಟೇನ್, ಹಾಗಲ್ಲ. ಎಳೆದರೆ ಹರಿಯದೆ ಹಿಗ್ಗುತ್ತದೆ, ಮುಳ್ಳಿಗೆ ಸುತ್ತಿಕೊಂಡು ಗಂಟಾಗುತ್ತದೆ. "ಶೇ 2ರಷ್ಟು ಇದ್ದರೆ ಏನು ಮಹಾ?" ಎನ್ನುವವರಿದ್ದಾರೆ. ತೂಕದಲ್ಲಿ ಅದು ಅಲ್ಪವೇ. ಆದರೆ ಅದು ಬಟ್ಟೆಯ ಒಂದು ಮೂಲೆಯಲ್ಲಿ ಕುಳಿತಿರುವುದಿಲ್ಲ, ಹೊಕ್ಕಿನ, ಅಂದರೆ ಅಡ್ಡ ನೂಲಿನ ಉದ್ದಕ್ಕೂ ಓಡಿರುತ್ತದೆ. ಹೀಗಾಗಿ ಪ್ರತಿ ತುಂಡಿನಲ್ಲೂ ಅದು ಇದ್ದೇ ಇರುತ್ತದೆ.

ಕೌಲ್ ಬಜಾರಿನ ಹಿರಿಯ ಕಟಿಂಗ್ ಮಾಸ್ಟರ್ ಒಬ್ಬರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ತುಂಡನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಅಡ್ಡಕ್ಕೆ ಎಳೆಯುತ್ತಾರೆ. ಹಿಗ್ಗಿ ಹಿಂದಕ್ಕೆ ಬಂದರೆ ಒಂದು ಚೀಲ, ಬಿಗಿಯಾಗಿ ನಿಂತರೆ ಇನ್ನೊಂದು. ಇದರಿಂದ ಹೊತ್ತು ಹಾಳು ಎಂದು ಯಜಮಾನರು ಗೊಣಗಿದಾಗ ಅವರು ಹೇಳಿದ್ದಿಷ್ಟು: "ಈಗ ಎರಡು ಚೀಲ ಸಾಕು ಯಜಮಾನರೇ, ಆಮೇಲೆ ಬೇರೆ ಮಾಡಬೇಕೆಂದರೆ ನಾಲ್ಕು ಆಳು ಬೇಕು." ಇಂಥವರ ಮಾತಿಗೆ ನನ್ನ ವರದಿಗಿಂತ ಹೆಚ್ಚು ಬೆಲೆ ಸಿಗಬೇಕು.

ಎಲ್ಲರೂ ಸ್ಟ್ರೆಚ್ ಬಿಡಿ ಎಂದು ನಾನು ಹೇಳಲಾರೆ. ಕೊಳ್ಳುವವರು ಕೇಳಿದ್ದನ್ನು ಹೊಲಿಯಲೇಬೇಕು. ಜಾಬ್ ವರ್ಕ್, ಅಂದರೆ ಬೇರೆಯವರಿಗಾಗಿ ಕೂಲಿಗೆ ಹೊಲಿಗೆ ಮಾಡುವವರ ಕೈಯಲ್ಲಿ ವಿನ್ಯಾಸವೂ ಇರುವುದಿಲ್ಲ. ಆದರೆ ಸ್ವಂತ ಹೆಸರಿನಲ್ಲಿ ಪ್ಯಾಂಟ್ ಮಾರುವವರಿಗೆ ಈ ನೆಪವಿಲ್ಲ. ವಸ್ತುಗಳ ಮರುಬಳಕೆಗಾಗಿ ದುಡಿಯುವ ಬ್ರಿಟನ್ನಿನ ಸಂಸ್ಥೆ ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಶನ್ 2019ರಲ್ಲಿ ಹೊರತಂದ ಜೀನ್ಸ್ ಮಾರ್ಗಸೂಚಿ, ತೂಕದಲ್ಲಿ ಕನಿಷ್ಠ ಶೇ 98ರಷ್ಟು ಹತ್ತಿಯಂಥ ಸೆಲ್ಯುಲೋಸ್ ನಾರು ಇರಬೇಕು, ಜೇಬಿನ ಮೂಲೆಗೆ ಬಡಿಯುವ ಲೋಹದ ಗುಂಡಿಗಳಾದ ರಿವೆಟ್‌ಗಳನ್ನು ಕೈಬಿಡಬೇಕು ಇಲ್ಲವೇ ಆದಷ್ಟು ಕಡಿಮೆ ಮಾಡಬೇಕು, ಮನೆಯಲ್ಲಿ 30 ಸಲ ಒಗೆದರೂ ಬಟ್ಟೆ ತಾಳಬೇಕು ಎನ್ನುತ್ತದೆ. ಉಳಿದ ಶೇ 2 ಮೇಲ್ಮಿತಿಯೇ ಹೊರತು ಬೆರೆಸಲೇಬೇಕೆಂಬ ಅಪ್ಪಣೆಯಲ್ಲ. ಜೇಬಿನ ಮೂಲೆಗೆ ರಿವೆಟ್ ಬದಲು ಬಾರ್‌ಟ್ಯಾಕ್ ಎಂಬ ಒತ್ತಾದ, ಗಟ್ಟಿ ಹೊಲಿಗೆ ಹಾಕಿದರೆ ಹಳೆಯ ಪ್ಯಾಂಟನ್ನು ಹಿಂಜುವವರು ಆ ಭಾಗವನ್ನು ಕತ್ತರಿಸಿ ಎಸೆಯಬೇಕಾಗುವುದಿಲ್ಲ. ಬಾರ್‌ಟ್ಯಾಕ್ ಯಂತ್ರ ನಮ್ಮ ಬಹುತೇಕ ಘಟಕಗಳಲ್ಲಿ ಈಗಾಗಲೇ ಇದೆ.

ವಾಶಿಂಗ್‌ನಲ್ಲೂ ಇದೇ ಕಥೆ. ಪ್ಯಾಂಟಿಗೆ ಹಳೆಯ ಕಳೆ ಬರಲೆಂದು ಒಗೆಯುವ ಡ್ರಮ್ಮಿಗೆ ಪ್ಯೂಮಿಸ್ ಎಂಬ ತೂತುತೂತಾದ ಹಗುರ ಕಲ್ಲು ಹಾಕುತ್ತಾರೆ, ಕಲ್ಲು ಸವೆದು ಪುಡಿಯಾಗಿ ತೊಟ್ಟಿಯ ತಳದಲ್ಲಿ ಕೆಸರಾಗುತ್ತದೆ, ಆಮೇಲೆ ಆ ಕೆಸರಿಗೆ ಪರಿಹಾರ ಹುಡುಕುತ್ತಾರೆ. ಹತ್ತಿಯ ಮೇಲ್ಪದರವನ್ನು ಸವೆಸುವ ಸೆಲ್ಯುಲೇಸ್ ಎಂಜೈಮ್ ಬಳಸಿದರೆ ಕಲ್ಲೇ ಬೇಕಾಗುವುದಿಲ್ಲ, ಇಲ್ಲವೇ ಬಹಳ ಕಡಿಮೆ ಸಾಕಾಗುತ್ತದೆ. ಒಂದು ಎಚ್ಚರಿಕೆ: ಹೊತ್ತು ಮೀರಿದರೆ ಎಂಜೈಮ್ ಬಟ್ಟೆಯ ಗಟ್ಟಿತನವನ್ನೂ ತಿನ್ನುತ್ತದೆ. ನೀರಿನ ಬಿಸಿ, ಆಮ್ಲೀಯತೆ, ಸಮಯ ಮೂರನ್ನೂ ನಿಮ್ಮದೇ ನೀರಿನಲ್ಲಿ, ನಿಮ್ಮದೇ ಬಟ್ಟೆಯ ಕೆಲವು ಪ್ಯಾಂಟುಗಳ ಮೇಲೆ ನೋಡಿಕೊಂಡ ಮೇಲೆಯೇ ಇಡೀ ಲಾಟ್ ಹಾಕಿ. ಮಾರಾಟಗಾರರು ಕೊಟ್ಟ ಚೀಟಿಯ ಪ್ರಮಾಣವನ್ನು ಕಣ್ಣು ಮುಚ್ಚಿ ನಂಬಬೇಡಿ.

ನನ್ನನ್ನು ಕರೆಯುವಾಗ ಚಿಂದಿಯ ಫೋಟೊ ಕಳಿಸಬೇಡಿ. ಬಟ್ಟೆಯ ರೋಲಿನ ಮೇಲಿನ ಚೀಟಿ, ಪ್ಯಾಂಟಿನ ಭಾಗಗಳ ಅಳತೆಯ ಪ್ಯಾಟರ್ನ್, ಕತ್ತರಿಸಲು ಅವನ್ನು ಬಟ್ಟೆಯ ಮೇಲೆ ಜೋಡಿಸಿದ ನಕ್ಷೆಯಾದ ಮಾರ್ಕರ್ ಕಳಿಸಿ.