ಅರ್ಧ ತುಂಬಿದ ಕ್ಯಾನಿನ ತಂಟೆ

ಮಣಿಪಾಲದಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಮಾರುತಿಯ ಜಿಮ್ನಿ ಜೀಪು ಕೊಂಡಿದ್ದಾನೆ. ಟ್ಯಾಂಕು 40 ಲೀಟರಿನದು. ಲಡಾಖ್‌ಗೆ ಹೊರಡುವ ಉಮೇದಿನಲ್ಲಿ ಚಾವಣಿಯ ಕ್ಯಾರಿಯರ್ ಮೇಲೆ ತಲಾ 20 ಲೀಟರಿನ ಎರಡು ಪೆಟ್ರೋಲ್ ಕ್ಯಾನ್ ಕಟ್ಟಿದ. ಮನಾಲಿಯಾಚೆ ತಾಂಡಿಯ ಪಂಪಿನ ಬಳಿ ‘ಮುಂದಿನ ಪಂಪ್ 365 ಕಿ.ಮೀ.’ ಎಂದು ಸಾರುವ ಫಲಕದ ಫೋಟೊ ನೋಡಿದ ಯಾರಿಗೂ ಹೀಗೆ ಅನ್ನಿಸಬಹುದು. ಅದಕ್ಕೆ ನನ್ನ ತಕರಾರಿಲ್ಲ. ‘ಎರಡನ್ನೂ ಅರ್ಧ ಮಾತ್ರ ತುಂಬಿಸುತ್ತೇನೆ. ಪೂರ್ತಿ ತುಂಬಿಸಿದರೆ ಬಿಸಿಲಿಗೆ ಸಿಡಿಯುತ್ತದಂತೆ, ಮಾವ ಹೇಳಿದರು’ ಎಂದನಲ್ಲ, ಆಗ ನನ್ನ ತಾಳ್ಮೆ ತಪ್ಪಿತು.

ಮಾವನಿಗೆ ಈ ಜ್ಞಾನ ಬಂದದ್ದು ‘ಬಿಸಿಲುಗಾಲದಲ್ಲಿ ಟ್ಯಾಂಕು ಪೂರ್ತಿ ತುಂಬಿಸಬೇಡಿ, ಸಿಡಿಯುತ್ತದೆ’ ಎಂದು ಪ್ರತಿ ಬೇಸಿಗೆಯೂ ಮೊಬೈಲಿಗೆ ಬರುವ ಅದೇ ಹಳೆಯ ಸಂದೇಶದಿಂದ. ಸ್ವಲ್ಪ ಲೆಕ್ಕ ಹಾಕೋಣ. ಪೆಟ್ರೋಲು ಒಂದು ಡಿಗ್ರಿ ಕಾದರೆ ಹೆಚ್ಚುಕಡಿಮೆ ಸಾವಿರಕ್ಕೆ ಒಂದು ಪಾಲು ಹಿಗ್ಗುತ್ತದೆ. 28 ಡಿಗ್ರಿಯಲ್ಲಿದ್ದ 40 ಲೀಟರು 40 ಡಿಗ್ರಿಗೆ ಏರಿದರೂ ಹಿಗ್ಗುವುದು ಅರ್ಧ ಲೀಟರಿಗಿಂತ ಕಡಿಮೆ. ಅಷ್ಟು ಜಾಗವನ್ನು ಟ್ಯಾಂಕು ಮಾಡಿದವರೇ ಬಿಟ್ಟಿರುತ್ತಾರೆ. ಇನ್ನು ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳಬೇಕಾದರೆ ಪೆಟ್ರೋಲಿಗೆ 250 ಡಿಗ್ರಿಗೂ ಮೀರಿದ ಶಾಖ ಬೇಕು. ಮಂಗಳೂರಿನ ಬಿಸಿಲಿಗೆ ಬೆವರಿಳಿಸುವ ಸಾಮರ್ಥ್ಯವಿದೆ, ಈ ಸಾಮರ್ಥ್ಯವಿಲ್ಲ.

ಉರಿಯುವುದು ದ್ರವವಲ್ಲ, ಆವಿ. ಆ ಆವಿಯೂ ಗಾಳಿಯಲ್ಲಿ ಸುಮಾರು ಶೇ. 1.4ರಿಂದ 7.6ರವರೆಗೆ ಬೆರೆತಿದ್ದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಪೆಟ್ರೋಲು ಸಾಕಷ್ಟಿರುವ ಮುಚ್ಚಿದ ಕ್ಯಾನಿನೊಳಗೆ ನಮ್ಮ ಸೆಕೆಯಲ್ಲಿ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ ಉರಿಯಲು ಗಾಳಿಯೇ ಸಾಲದು. ಕೆಟ್ಟದ್ದು ಬರಿದಾದ ಕ್ಯಾನು: ತಳದಲ್ಲಿ ನಾಲ್ಕು ಹನಿ, ಮೇಲೆಲ್ಲ ಹೊರಗಿನಿಂದ ನುಗ್ಗಿದ ಗಾಳಿ. ಬೆಸುಗೆ ಹಾಕುವ ಅನುಭವಿಗಳು ಹಳೆಯ ಟ್ಯಾಂಕನ್ನು ಮುಟ್ಟುವ ಮೊದಲು ಅದಕ್ಕೆ ನೀರು ತುಂಬಿಸುವುದು ಇದಕ್ಕೇ. ರಸಾಯನಶಾಸ್ತ್ರ ಓದದೆಯೂ ಅವರಿಗೆ ಗೊತ್ತು, ವೈರಿ ಇರುವುದು ಖಾಲಿ ಜಾಗದಲ್ಲಿ ಎಂದು.

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ನಾವು ಪಂಡಿತರಿಗೆ ಅನ್ವಯಿಸಿ ಹಾಳು ಮಾಡಿದ್ದೇವೆ. ಅದು ಅಪ್ಪಟ ಭೌತಶಾಸ್ತ್ರ. ಗಾಡಿಯ ಅಡಿಯಲ್ಲಿ ಹೆಚ್ಚುವರಿ ಟ್ಯಾಂಕು ಕೂರಿಸುವವರು ಜಾಗ ಸಾಲದೆ ಅದನ್ನು ಚಪ್ಪಟೆಯಾಗಿ, ಅಗಲವಾಗಿ ಮಾಡಿಸುತ್ತಾರೆ. 60 ಲೀಟರ್ ಡೀಸೆಲ್ ಎಂದರೆ ಸುಮಾರು 50 ಕಿಲೊ. ಅರ್ಧ ಮುಗಿದ ಮೇಲೆ ಉಳಿದ 25 ಕಿಲೊ ತಿರುವಿನಲ್ಲಿ ಹೊರಬದಿಗೆ ಜಾರಿ, ಗಾಡಿ ಯಾವ ಕಡೆ ವಾಲುತ್ತಿದೆಯೋ ಆ ಕಡೆಗೇ ತನ್ನ ಭಾರವನ್ನೂ ಹಾಕುತ್ತದೆ. ಹರಿವಾಣದಲ್ಲಿ ಸಾರು ಹಿಡಿದುಕೊಂಡು ಯಾರೂ ಪಂಕ್ತಿಗೆ ಬಡಿಸಲು ಹೋಗುವುದಿಲ್ಲ. ಅದೇ ಸಾರನ್ನು ಬಕೆಟ್ಟಿಗೆ ಹಾಕಿದರೆ ಓಡಿಕೊಂಡೇ ಬಡಿಸಬಹುದು. ಅಗಲವೇ ಇಲ್ಲಿ ಎಲ್ಲ. ದ್ರವದ ಮೇಲ್ಮೈಯ ಅಗಲ ಎರಡು ಪಟ್ಟಾದರೆ ಈ ವಾಲಿಸುವ ಕಾಟ ಎಂಟು ಪಟ್ಟಾಗುತ್ತದೆ, ಏಕೆಂದರೆ ಅದು ಅಗಲದ ಘನದೊಂದಿಗೆ ಬೆಳೆಯುತ್ತದೆ. ಇದೇ ಸೂತ್ರವನ್ನು ತಿರುಗಿಸಿ ನೋಡಿ. ಟ್ಯಾಂಕಿನ ನಡುವೆ ಉದ್ದಕ್ಕೆ ಒಂದು ಗೋಡೆ ಹಾಕಿದರೆ ಒಂದೊಂದು ಭಾಗದ ಕಾಟ ಎಂಟನೇ ಒಂದಕ್ಕೆ ಇಳಿಯುತ್ತದೆ; ಎರಡೂ ಸೇರಿ ನಾಲ್ಕನೇ ಒಂದು. ಒಂದೇ ಒಂದು ತಗಡಿನ ಹಾಳೆಗೆ ಮುಕ್ಕಾಲು ಪಾಲು ಪೀಡೆ ತೊಲಗುತ್ತದೆ! ತೂತುಗಳಿರುವ ಗೋಡೆಯಾದರೆ ಇಷ್ಟು ಲಾಭವಿಲ್ಲ, ಆದರೂ ಅದು ಓಡುವ ಎಣ್ಣೆಯ ಕಾಲು ಹಿಡಿದೆಳೆದು ನಿಧಾನಿಸುತ್ತದೆ. ಮಲ್ಪೆಯ ಬೋಟುಗಳಲ್ಲಿ ಮೀನು, ಮಂಜುಗಡ್ಡೆ ತುಂಬುವ ಜಾಗವನ್ನು ಹಲಗೆ ಹಾಕಿ ಖಾನೆಗಳಾಗಿಸುವುದರಲ್ಲಿಯೂ, ಶಿರಾಡಿ ಘಾಟಿ ಹತ್ತುವ ಪೆಟ್ರೋಲ್ ಟ್ಯಾಂಕರಿನ ಹೊಟ್ಟೆಯೊಳಗಿನ ಗೋಡೆಗಳಲ್ಲಿಯೂ ಇದೇ ಲೆಕ್ಕ ಕೆಲಸ ಮಾಡುತ್ತದೆ. ಗೋಡೆಯಿಲ್ಲದ ಟ್ಯಾಂಕಿಗೆ ಇನ್ನೊಂದು ಕಾಯಿಲೆಯೂ ಇದೆ. ಕೊಲ್ಲೂರಿನಿಂದ ಕೊಡಚಾದ್ರಿ ಹತ್ತುವ ಜೀಪಿನ ದಾರಿಯಂತಹ ಕಡೆ ಗಾಡಿ ಓರೆಯಾದಾಗ ಎಣ್ಣೆಯೆಲ್ಲ ಒಂದು ಮೂಲೆಗೆ ಸರಿದು, ಹೀರುವ ಕೊಳವೆಯ ಬಾಯಿಗೆ ಗಾಳಿ ಸಿಕ್ಕು, ಎಣ್ಣೆ ಇದ್ದೂ ಎಂಜಿನ್ ಕೆಮ್ಮುತ್ತದೆ. (ಹೊಸ ಟ್ಯಾಂಕು ಕೂರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ ತಾನೆ?)

ಕ್ಯಾನು ಸಪೂರ, ಅದರಲ್ಲಿ ತುಳುಕಾಟ ಸಣ್ಣ ಸಂಗತಿ. ಅದರ ವಿನ್ಯಾಸವೇ ಒಂದು ಕಥೆ. 1937ರಲ್ಲಿ ಜರ್ಮನ್ ಸೇನೆಗಾಗಿ ರೂಪುಗೊಂಡ ಡಬ್ಬಿ ಅದು. ಜರ್ಮನರನ್ನು ಬ್ರಿಟಿಷ್ ಸೈನಿಕರು ‘ಜೆರ್ರಿ’ ಎಂದು ಕರೆಯುತ್ತಿದ್ದುದರಿಂದ ಜೆರ್ರಿ ಕ್ಯಾನ್ ಆಯಿತು. ಹಿಡಿಕೆ ಮೂರು ಏಕೆ? ತುಂಬಿದ್ದನ್ನು ಇಬ್ಬರು ಸೇರಿ ಹೊರಲು, ಖಾಲಿ ಎರಡನ್ನು ಒಂದೇ ಕೈಯಲ್ಲಿ ಹಿಡಿಯಲು. ಹಿಡಿಕೆಯ ಕೆಳಗಿನ ಉಬ್ಬಿನಲ್ಲಿ, ಎಷ್ಟು ತುಂಬಿಸಿದರೂ, ಒಂದಿಷ್ಟು ಗಾಳಿ ಉಳಿಯುತ್ತದೆ; ಪಕ್ಕದ ಅಚ್ಚಿನ ಗೆರೆಗಳು ಹಿಗ್ಗಲು ಬಿಡುತ್ತವೆ. ಮಾವ ಬಿಡಬೇಕೆಂದ ಜಾಗವನ್ನು ಜರ್ಮನರು ಆಗಲೇ ಅಳೆದು ಬಿಟ್ಟಿದ್ದರು. ಪಾಲ್ ಪ್ಲೈಸ್ ಎಂಬ ಅಮೆರಿಕದ ಎಂಜಿನಿಯರ್ 1939ರಲ್ಲಿ ಜರ್ಮನ್ ಸಹೋದ್ಯೋಗಿಯೊಂದಿಗೆ ಬರ್ಲಿನ್‌ನಿಂದ ಭಾರತಕ್ಕೆ ಗಾಡಿಯಲ್ಲಿ ಹೊರಟಾಗ, ಆ ಸಹೋದ್ಯೋಗಿಯೇ ನೀರಿಗೆಂದು ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ದಾಸ್ತಾನಿನಿಂದ ಇಂಥ ಮೂರು ಡಬ್ಬಿ ಎತ್ತಿಕೊಂಡು ಬಂದಿದ್ದ. ಗುಟ್ಟು ಹೊರಬಿದ್ದದ್ದು ಹೀಗೆ. ಅತ್ತ ಎರಡನೇ ಮಹಾಯುದ್ಧದಲ್ಲಿ, ಉತ್ತರ ಆಫ್ರಿಕದಲ್ಲಿ ಬ್ರಿಟಿಷರ ತೆಳು ತಗಡಿನ ಡಬ್ಬಿಗಳು ಸೋರಿ ಸೋರಿ ಮರಳಿಗೆ ಪೆಟ್ರೋಲು ಕುಡಿಸುತ್ತಿದ್ದವು.

ಲಡಾಖಿನ ದಾರಿಯಲ್ಲಿ ತಂಗ್ಲಾಂಗ್ ಲಾ ಎಂಬ ಕಣಿವೆದಾರಿ ಸುಮಾರು 5,300 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಮಲ್ಪೆಯ ದಂಡೆಯದರ ಅರ್ಧ. ಕೆಳಗೆ ಮುಚ್ಚಿದ ಕ್ಯಾನು ಅಲ್ಲಿಗೆ ತಲುಪುವಾಗ ಚಿಪ್ಸ್ ಪೊಟ್ಟಣದಂತೆ ಬಿಗಿದಿರುತ್ತದೆ. ಒಳಗೆ ಹತ್ತು ಲೀಟರ್ ಖಾಲಿ ಜಾಗವಿದ್ದರೆ ಅಷ್ಟೂ ಆವಿ ಮುಚ್ಚಳ ತೆರೆದವನ ಮುಖಕ್ಕೆ ಬುಸ್ಸೆಂದು ಬರುತ್ತದೆ. ತುಂಬಿದ ಕ್ಯಾನಿನಲ್ಲಿ ಹೊರಬರಲು ಇರುವ ಆವಿಯೇ ಅತ್ಯಲ್ಪ. ಹೇಗಿದ್ದರೂ ಮುಚ್ಚಳವನ್ನು ಮೆಲ್ಲನೆ ಸಡಿಲಿಸಿ, ಸದ್ದು ನಿಂತ ಮೇಲೆ ಪೂರ್ತಿ ತೆರೆಯಬೇಕು.

ಇಷ್ಟೆಲ್ಲ ಕೇಳಿದ ಹುಡುಗ, ‘ಹಾಗಾದರೆ ಎರಡನ್ನೂ ಪೂರ್ತಿ ತುಂಬಿಸಲೇ?’ ಎಂದ. ಎರಡು ತುಂಬಿದ ಕ್ಯಾನೆಂದರೆ ಪೆಟ್ರೋಲೇ 30 ಕಿಲೊ, ಡಬ್ಬಿಗಳ ತೂಕ ಬೇರೆ, ಅದೂ ನೆತ್ತಿಯ ಮೇಲೆ. ಗುಡ್ಡದಲ್ಲಿ ಲೀಟರಿಗೆ ಹತ್ತೇ ಕಿಲೋಮೀಟರ್ ಎಂದಿಟ್ಟುಕೊಂಡರೂ ತುಂಬಿದ ಟ್ಯಾಂಕು 400 ಕಿ.ಮೀ. ಓಡುತ್ತದೆ. ಎರಡು ಅರ್ಧ ಕ್ಯಾನ್ ಸೇರಿದರೆ ಎಷ್ಟು ಎಂದು ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು, ಏಣಿ ತಂದು ಚಾವಣಿ ಹತ್ತಿ, ಒಂದನ್ನು ಬಿಚ್ಚಿದ.