ವೃತ್ತದೊಳಗಿನ ಅಂಕಿ ಯಾವ ಊರಿನದು?

ವಿಜಯನಗರ ಮತ್ತು ಕೊಪ್ಪಳ ಜಿಲ್ಲೆಗಳ ಶುದ್ಧ ಕುಡಿಯುವ ನೀರಿನ ಘಟಕಗಳನ್ನೆಲ್ಲ ಒಂದೇ ವೆಬ್ ನಕ್ಷೆಯಲ್ಲಿ ತೋರಿಸಬೇಕಿದೆ ಎಂದುಕೊಳ್ಳಿ. ವೆಬ್ ನಕ್ಷೆ ಮಾಡಲು ಬಳಸುವ ಲೀಫ್‌ಲೆಟ್ ಎಂಬ ಕೋಡ್ ಸಂಗ್ರಹದಲ್ಲಿ ಸಾಮಾನ್ಯ ಮಾರ್ಕರ್ (ಜಾಗ ತೋರಿಸುವ ಗುರುತು) ಎಂದರೆ ಪುಟದೊಳಗಿನ ಒಂದು ಪ್ರತ್ಯೇಕ ಚಿತ್ರ. ಅಂಥವು ಸಾವಿರಗಟ್ಟಲೆ ಆದರೆ ಕಡಿಮೆ ಬೆಲೆಯ ಮೊಬೈಲ್‌ನಲ್ಲಿ ನಕ್ಷೆಯನ್ನು ಸರಿಸುವುದೇ ಕಷ್ಟ. ಸರಿಸಿದರೂ ಒಂದರ ಮೇಲೊಂದು ಬಿದ್ದ ಗುರುತುಗಳಲ್ಲಿ ಏನೂ ತಿಳಿಯುವುದಿಲ್ಲ. ಅದಕ್ಕೇ ಮಾರ್ಕರ್‌ಕ್ಲಸ್ಟರ್ ಎಂಬ ಪ್ಲಗಿನ್ (ಹೆಚ್ಚುವರಿ ಕೋಡ್) ಸೇರಿಸುತ್ತೇವೆ. ಹತ್ತಿರದ ಗುರುತುಗಳು ಕೂಡಿ ಒಂದು ವೃತ್ತವಾಗುತ್ತವೆ (ಇದೇ ಕ್ಲಸ್ಟರ್), ಅದರೊಳಗೆ ಒಂದು ಅಂಕಿ ಮೂಡುತ್ತದೆ, ನಕ್ಷೆ ಹಗುರಾಗುತ್ತದೆ. ಕೆಲಸ ಮುಗಿಯಿತೆಂದು ಅನೇಕರು ಇಲ್ಲಿಗೇ ಬಿಟ್ಟುಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ.

ಯಾವುದು ಹತ್ತಿರ ಎಂಬುದನ್ನು ಪ್ಲಗಿನ್ ಪರದೆಯ ಪಿಕ್ಸೆಲ್‌ಗಳಲ್ಲಿ ಅಳೆಯುತ್ತದೆ. ನಾವು ಬದಲಿಸದಿದ್ದರೆ ಆ ಮಿತಿ 80 ಪಿಕ್ಸೆಲ್. ನಮ್ಮ ಅಕ್ಷಾಂಶದಲ್ಲಿ ಝೂಮ್ 10ರಲ್ಲಿ (ಅಂಕಿ ಹೆಚ್ಚಾದಷ್ಟೂ ನೋಟ ಹತ್ತಿರ) ಅದು ನೆಲದ ಮೇಲೆ ಸುಮಾರು 12 ಕಿ.ಮೀ. ಆಗುತ್ತದೆ. ಹಂತ ಹಂತಕ್ಕೂ ಅರ್ಧವಾಗುತ್ತ 16ಕ್ಕೆ ಬರುವಾಗ 200 ಮೀಟರಿಗೂ ಕಡಿಮೆ. ಹಾಗಾಗಿ ದೂರದ ನೋಟದಲ್ಲಿ ಹಂಪಿಯ ಘಟಕ, ತುಂಗಭದ್ರೆಯ ಆಚೆ ದಡದಲ್ಲಿರುವ ಆನೆಗುಂದಿಯ ಘಟಕ ಎರಡೂ ಒಂದೇ ವೃತ್ತಕ್ಕೆ ಸೇರಬಹುದು. ಹಂಪಿ ಹೊಸಪೇಟೆ ತಾಲ್ಲೂಕಿನದು, ಆನೆಗುಂದಿ ಗಂಗಾವತಿಯದು. ಜಿಲ್ಲೆಯೂ ಬೇರೆ. ವೃತ್ತ ನಿಲ್ಲುವುದು ಅದರೊಳಗಿನ ಗುರುತುಗಳ ಸರಾಸರಿ ಜಾಗದಲ್ಲಿ, ಅದು ನದಿಯ ನಡುವೆಯೂ ಆಗಬಹುದು. ಅಧಿಕಾರಿಯೊಬ್ಬರು ಆ ಅಂಕಿಯನ್ನು ತಮ್ಮ ತಾಲ್ಲೂಕಿನ ಲೆಕ್ಕವೆಂದು ತಿಳಿದರೆ ತಪ್ಪು ಅವರದಲ್ಲ, ನಕ್ಷೆ ಮಾಡಿದವರದು. ತಾಲ್ಲೂಕುವಾರು ಲೆಕ್ಕ ಮುಖ್ಯವಾದ ಕಡೆ ಪ್ರತಿ ತಾಲ್ಲೂಕಿಗೂ ಬೇರೆ ಬೇರೆ ಕ್ಲಸ್ಟರ್ ಗುಂಪು ಮಾಡಿ. ಆಗ ಎರಡು ದಡಗಳ ಗುರುತುಗಳು ಬೆರೆಯುವುದಿಲ್ಲ.

ಬಣ್ಣದ ವಿಷಯ ಇನ್ನೂ ಗಂಭೀರ. ಪ್ಲಗಿನ್ ಜೊತೆಗೇ ಬರುವ ವಿನ್ಯಾಸದಲ್ಲಿ 10ಕ್ಕಿಂತ ಕಡಿಮೆಯಿದ್ದರೆ ಹಸಿರು, 100ಕ್ಕಿಂತ ಕಡಿಮೆಯಿದ್ದರೆ ಹಳದಿ, ಅದರಾಚೆ ಕಿತ್ತಳೆ. ಅದು ಬರೀ ಎಣಿಕೆಯ ಬಣ್ಣ. ನೀರಿನ ನಕ್ಷೆಯಲ್ಲಿ ಹಸಿರು ಕಂಡರೆ ಎಲ್ಲ ಸರಿಯಿದೆ ಎಂದೇ ಜನ ತಿಳಿಯುತ್ತಾರೆ. ನಾಲ್ಕಕ್ಕೆ ನಾಲ್ಕೂ ಘಟಕಗಳು ಕೆಟ್ಟು ನಿಂತಿರುವ ಕಡೆ ಹಸಿರು, ಚೆನ್ನಾಗಿ ನಡೆಯುತ್ತಿರುವ 120 ಘಟಕಗಳ ಮೇಲೆ ಕಿತ್ತಳೆ! ಇದನ್ನು ಸಣ್ಣ ಲೋಪವೆಂದು ನಾನು ಒಪ್ಪುವುದಿಲ್ಲ. ಕೊಡ ಹಿಡಿದು ಇನ್ನೊಂದು ಊರಿಗೆ ನಡೆಯುವವರ ಕಷ್ಟವನ್ನು ಆ ಹಸಿರು ಮುಚ್ಚಿಬಿಡುತ್ತದೆ. ವೃತ್ತದ ಚಿಹ್ನೆಯನ್ನು ರಚಿಸುವ ಫಂಕ್ಷನ್ ಅನ್ನು ನಾವೇ ಬರೆಯಲು ಅವಕಾಶವಿದೆ. ಒಳಗಿನ ಮಾರ್ಕರ್‌ಗಳನ್ನೆಲ್ಲ ಅಲ್ಲಿ ಪಡೆದು, ಕೆಟ್ಟವನ್ನು ಎಣಿಸಿ, '12ರಲ್ಲಿ 5 ಕೆಟ್ಟಿವೆ' ಎಂದು ಬರೆದು ಬಣ್ಣವನ್ನು ಆ ಪ್ರಮಾಣಕ್ಕೆ ಕೊಡಿ. ಹತ್ತು ಹದಿನೈದು ಸಾಲಿನ ಕೋಡ್ ಸಾಕು.

ಕೊನೆಯ ಹಂತದವರೆಗೆ ಝೂಮ್ ಮಾಡಿದರೂ ಬಿಡಿಯಾಗದ ವೃತ್ತಗಳನ್ನು ಅನುಮಾನದಿಂದಲೇ ನೋಡಬೇಕು. ಒಂದೇ ಕಟ್ಟಡದ ಅಂಗಡಿಗಳಾದರೆ ಸರಿ, ಕ್ಲಿಕ್ ಮಾಡಿದಾಗ ಗುರುತುಗಳು ಸುತ್ತಲೂ ಹರಡಿಕೊಳ್ಳುತ್ತವೆ. ಆದರೆ ಬೇರೆ ಬೇರೆ ಹಳ್ಳಿಗಳ ನಲವತ್ತು ಘಟಕಗಳು ಒಂದೇ ಬಿಂದುವಿನಲ್ಲಿ ಕೂತಿದ್ದರೆ, ವಿಳಾಸವನ್ನು ಸ್ಥಳಾಂಕಕ್ಕೆ ಬದಲಿಸುವ ಸೇವೆಗೆ ಆ ಹಳ್ಳಿಗಳು ಸಿಗದೆ ತಾಲ್ಲೂಕು ಕೇಂದ್ರದ್ದೋ ಪಿನ್‌ಕೋಡ್ ವ್ಯಾಪ್ತಿಯದೋ ನಡುಬಿಂದುವನ್ನು ಕೊಟ್ಟಿರುವ ಸಾಧ್ಯತೆಯೇ ಹೆಚ್ಚು. ಕ್ಲಸ್ಟರ್ ಇಲ್ಲದಿದ್ದರೂ ಇದು ಕಣ್ಣಿಗೆ ಬೀಳುವುದಿಲ್ಲ. ಇದ್ದರಂತೂ ದೊಡ್ಡ ಅಂಕಿಯಾಗಿ ನಂಬಿಕೆ ಹುಟ್ಟಿಸುತ್ತದೆ. ಇನ್ನು ನಕ್ಷೆಯ ಮಾಹಿತಿಯನ್ನು ಬರೆದಿಡುವ ಜಿಯೋಜೇಸನ್ ಎಂಬ ಕಡತ ಮಾದರಿಯಲ್ಲಿ ರೇಖಾಂಶ ಮೊದಲು, ಲೀಫ್‌ಲೆಟ್‌ನ ಮಾರ್ಕರ್‌ಗೆ ಅಕ್ಷಾಂಶ ಮೊದಲು. ಇವು ಅದಲುಬದಲಾದರೆ ಹಂಪಿ ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಆರ್ಕ್ಟಿಕ್ ಕಡಲಿಗೆ ಹೋಗಿಬಿಡುತ್ತದೆ. ಖಾಲಿ ಬಿಟ್ಟ ಸ್ಥಳಾಂಕ ಸೊನ್ನೆಯಾದರೆ ಘಟಕ ಪಶ್ಚಿಮ ಆಫ್ರಿಕಾದ ಆಚೆ ಅಟ್ಲಾಂಟಿಕ್‌ನಲ್ಲಿ. ಅಲ್ಲಿಗೆ ನಕ್ಷೆ ಸರಿಸಿ ನೋಡುವವರು ಯಾರು?

ಆದ್ದರಿಂದ ಕ್ಲಸ್ಟರ್ ಮಾಡುವ ಮೊದಲೇ ಒಂದೇ ಸ್ಥಳಾಂಕ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಜಿಲ್ಲೆಯ ಗಡಿಯ ಹೊರಗೆ ಬಿದ್ದವನ್ನು ಬೇರೆ ತೆಗೆಯಿರಿ. ತೆಗೆದವನ್ನು ಅಳಿಸಬೇಡಿ. ನಕ್ಷೆಯ ಕೆಳಗೆ 'ಸ್ಥಳ ಖಚಿತವಾಗದ ಘಟಕಗಳು' ಎಂಬ ಪಟ್ಟಿಯಲ್ಲಿ ಊರಿನ ಹೆಸರಿನೊಂದಿಗೆ ಹಾಕಿ. ಸರಿಯಾದ ಜಾಗವನ್ನು ಆ ಊರಿನವರೇ ಗುರುತಿಸಿ ಕಳಿಸಲು ಪಕ್ಕದಲ್ಲಿ ಒತ್ತುವ ಒಂದು ಗುಂಡಿ (ಬಟನ್) ಇರಲಿ.