ಸರ್ಕಾರಿ ಜಾಗದಲ್ಲಿ ಧರಣಿ: ಅನುಮತಿ ಎಂದರೆ ಏನು?

ಬಯಲುಸೀಮೆಯ ಒಂದು ತಾಲ್ಲೂಕಿನಿಂದ ಆರು ಮಂದಿ ನೀರುಗಂಟಿಗಳು ಒಂದು ಸಂಜೆ ನನ್ನ ಕಚೇರಿಗೆ ಬಂದಿದ್ದರು. ತಿಂಗಳುಗಟ್ಟಲೆ ಬಾಕಿ ಉಳಿದ ವೇತನ ಕೇಳಿ, ಮಿನಿ ವಿಧಾನಸೌಧದ ಮುಂದಿನ ಬಯಲಿನಲ್ಲಿ ಒಂದು ದಿನ ಧರಣಿ ಕೂರಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹೋದರೆ 'ಬಂದೋಬಸ್ತ್ ಪೊಲೀಸರದ್ದು, ಅಲ್ಲಿ ಕೇಳಿ' ಎಂದರಂತೆ; ಠಾಣೆಗೆ ಹೋದರೆ 'ಜಾಗ ಕಂದಾಯ ಇಲಾಖೆಯದು, ಅವರು ಒಪ್ಪಿದರೆ ನೋಡೋಣ' ಎಂದರಂತೆ. ಮೂರು ಸಲ ತಿರುಗಿದ ಮೇಲೂ ಅವರ ಕೈಯಲ್ಲಿದ್ದದ್ದು ತಾವೇ ಬರೆದ, ಮಡಿಸಿ ಮಡಿಸಿ ಅಂಚು ಹರಿದಿದ್ದ ಅದೇ ಅರ್ಜಿ. ಅದರ ಮೇಲೆ ಒಂದು ಮೊಹರಿರಲಿಲ್ಲ, ಒಂದು ಸಹಿಯಿರಲಿಲ್ಲ. ಅವರಲ್ಲಿ ಹಿರಿಯರೊಬ್ಬರು, 'ಇಲ್ಲ ಅಂತಾನಾದ್ರೂ ಬರ್ಕೊಡಿ ಅಂದೆ ಮೇಡಂ, ಅದನ್ನೂ ಬರ್ಕೊಡಲಿಲ್ಲ' ಎಂದರು.

ಇಪ್ಪತ್ತು ವರ್ಷಗಳ ವಕೀಲಿಕೆಯಲ್ಲಿ ಪ್ರತಿಭಟನೆಗೆ ಸಂಬಂಧಿಸಿದ ಪ್ರಕರಣಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ದೂರು ಇದೇ. ಲಾಠಿ ಪ್ರಹಾರ, ಬಂಧನ, ಎಫ್‌ಐಆರ್ ಇವೆಲ್ಲ ಸುದ್ದಿಯಾಗುತ್ತವೆ. ಅದಕ್ಕೂ ಮೊದಲೇ, ಒಂದು ಅಕ್ಷರವನ್ನೂ ಬರೆಯದೆ, ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದಾಡಿಸಿ ಜನರನ್ನು ವಾಪಸು ಕಳುಹಿಸುವ ಕ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಸರ್ಕಾರಿ ಜಾಗದಲ್ಲಿ ಜನ ಸೇರುವ ಹಕ್ಕು ಎಲ್ಲಿಯವರೆಗೆ ಇದೆ, ಅನುಮತಿ ಎಂಬ ಪದಕ್ಕೆ ಕಾನೂನಿನಲ್ಲಿ ಇರುವ ಅರ್ಥವೇನು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುವುದು ಅಗತ್ಯವೆನಿಸಿದೆ.

ಸಂವಿಧಾನದ 19(1)(ಬಿ) ವಿಧಿಯು ಶಸ್ತ್ರಾಸ್ತ್ರಗಳಿಲ್ಲದೆ ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. 19(3)ನೇ ವಿಧಿಯ ಪ್ರಕಾರ ದೇಶದ ಸಾರ್ವಭೌಮತೆ, ಅಖಂಡತೆ ಅಥವಾ ಸಾರ್ವಜನಿಕ ಸುವ್ಯವಸ್ಥೆಯ ಹಿತದೃಷ್ಟಿಯಿಂದ ಈ ಹಕ್ಕಿನ ಮೇಲೆ ಸಮಂಜಸವಾದ ನಿರ್ಬಂಧ ಹಾಕಬಹುದು, ಆದರೆ ಅದನ್ನು ಕಾನೂನಿನ ಮೂಲಕವೇ ಹಾಕಬೇಕು. ಇಷ್ಟನ್ನು ಪೌರನೀತಿಯ ಪಾಠದಲ್ಲಿ ಎಲ್ಲರೂ ಓದಿರುತ್ತೇವೆ. ತೊಡಕು ಹುಟ್ಟುವುದು ಸೇರುವುದೆಲ್ಲಿ ಎಂಬ ಪ್ರಶ್ನೆಯಲ್ಲಿ. ಸಭೆ ಸೇರಲು ಕಾಲಡಿ ನೆಲ ಬೇಕು, ಆ ನೆಲ ಯಾರದಾದರೂ ಆಗಿರುತ್ತದೆ.

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಮೂರ್ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಉತ್ತರಗಳನ್ನು ಕೊಟ್ಟಿತು. 1969ರಲ್ಲಿ ರೈಲ್ವೆ ಮಂಡಳಿ ಮತ್ತು ನಿರಂಜನ್ ಸಿಂಗ್ ನಡುವಿನ ಪ್ರಕರಣದಲ್ಲಿ, ರೈಲ್ವೆಯ ಆವರಣದೊಳಗೆ ಸಭೆ ನಡೆಸುವುದು ನೌಕರರ ಮೂಲಭೂತ ಹಕ್ಕಲ್ಲ, ತನ್ನ ಸ್ವತ್ತಿನ ಬಳಕೆಯನ್ನು ನಿಯಂತ್ರಿಸುವ ಅಧಿಕಾರ ಸರ್ಕಾರಕ್ಕೂ ಇದೆ ಎಂದು ಹೇಳಿತು. 1972ರಲ್ಲಿ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಅಹಮದಾಬಾದಿನ ಬೀದಿಗಳಲ್ಲಿ ಸಭೆಗೆ ಪೊಲೀಸರ ಪೂರ್ವಾನುಮತಿ ಕಡ್ಡಾಯ ಮಾಡಿದ್ದ ನಿಯಮವನ್ನು ರದ್ದುಪಡಿಸಿತು. ಯಾವ ಕಾರಣಕ್ಕೆ ಅನುಮತಿ ಕೊಡಬೇಕು, ಯಾವ ಕಾರಣಕ್ಕೆ ನಿರಾಕರಿಸಬೇಕು ಎಂಬ ಮಾರ್ಗದರ್ಶನವೇ ಇಲ್ಲದೆ ಅಧಿಕಾರಿಯ ಇಷ್ಟಕ್ಕೆ ಎಲ್ಲವನ್ನೂ ಬಿಟ್ಟಿದ್ದೇ ಆ ನಿಯಮದ ದೋಷವಾಗಿತ್ತು. ಬೀದಿಗಳಲ್ಲಿ ಸೇರುವ ಸಭೆಗಳನ್ನು ಸರ್ಕಾರ ನಿಯಂತ್ರಿಸಬಹುದು, ಆದರೆ ಎಲ್ಲ ಸಾರ್ವಜನಿಕ ಬೀದಿ ಮತ್ತು ಸ್ಥಳಗಳಲ್ಲೂ ಸಭೆಯನ್ನೇ ನಿಷೇಧಿಸಿ ಹಕ್ಕನ್ನು ಇಲ್ಲವಾಗಿಸುವಂತಿಲ್ಲ ಎಂದು ಪೀಠ ಸ್ಪಷ್ಟಪಡಿಸಿತು.

ಅಧಿಕಾರಿಗಳು ಮೊದಲ ತೀರ್ಪನ್ನು ನೆಚ್ಚಿಕೊಳ್ಳುತ್ತಾರೆ, ಸಂಘಟನೆಗಳು ಎರಡನೆಯದನ್ನು. ನನ್ನ ತಿಳಿವಳಿಕೆಯಲ್ಲಿ ಎರಡೂ ಸರಿಯಾಗಿವೆ, ಏಕೆಂದರೆ ಅವು ಮಾತಾಡುತ್ತಿರುವುದು ಎರಡು ಬಗೆಯ ಜಾಗಗಳ ಬಗ್ಗೆ. ತಹಶೀಲ್ದಾರರ ಕೋಣೆ, ಆಸ್ಪತ್ರೆಯ ವಾರ್ಡು, ರೈಲ್ವೆಯ ಕಾರ್ಯಾಗಾರ ಇವು ಒಂದು ನಿರ್ದಿಷ್ಟ ಕೆಲಸಕ್ಕೆ ಮೀಸಲಾದವು. ಅಲ್ಲಿ ಘೋಷಣೆ ಕೂಗುವುದನ್ನು ತಡೆಯಲು ಸರ್ಕಾರಕ್ಕೆ ಅಧಿಕಾರವಿದೆ. ಬೀದಿ, ಮೈದಾನ, ಕಚೇರಿಯ ಮುಂದೆ ಜನ ಬಂದು ಕೂರುವ ಮರದ ಕಟ್ಟೆ ಇವು ತಲೆಮಾರುಗಳಿಂದ ಜನರ ಬಳಕೆಯಲ್ಲಿ ಇರುವಂಥವು. ಪಹಣಿಯಲ್ಲಿ 'ಸರ್ಕಾರ' ಎಂದು ಬರೆದಿದ್ದ ಮಾತ್ರಕ್ಕೆ ಅಂಥ ಜಾಗ ಸರ್ಕಾರದ ಖಾಸಗಿ ಸ್ವತ್ತಾಗುವುದಿಲ್ಲ. ಸರ್ಕಾರ ಅದನ್ನು ಜನರ ಪರವಾಗಿ ಕಾಯುತ್ತಿರುತ್ತದೆ.

ಈ ವ್ಯತ್ಯಾಸವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಈಚಿನ ನಿದರ್ಶನವೇ ಇದೆ. 2025ರ ಅಕ್ಟೋಬರ್ 18ರಂದು ರಾಜ್ಯ ಸರ್ಕಾರವು, ಖಾಸಗಿ ಸಂಘ ಸಂಸ್ಥೆಗಳು ಸರ್ಕಾರಿ ಆವರಣ, ಮೈದಾನ, ಉದ್ಯಾನ, ರಸ್ತೆ ಮುಂತಾದ ಸ್ಥಳಗಳನ್ನು ಬಳಸಬೇಕಾದರೆ ಪೂರ್ವಾನುಮತಿ ಪಡೆಯಬೇಕೆಂದು ಆದೇಶ ಹೊರಡಿಸಿತು. ಅನುಮತಿಯಿಲ್ಲದೆ 10ಕ್ಕಿಂತ ಹೆಚ್ಚು ಜನ ಸೇರಿದರೆ ಅದು ಕಾನೂನುಬಾಹಿರವಾಗುತ್ತಿತ್ತು. ಯಾವ ಸಂಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಹೊರಡಿಸಲಾಯಿತು ಎಂಬ ಬಗ್ಗೆ ರಾಜಕೀಯ ವಾಗ್ವಾದ ಸಾಕಷ್ಟು ನಡೆದಿದೆ. ಆದರೆ ನೀರುಗಂಟಿಗಳ ಸಂಘ, ಸ್ತ್ರೀಶಕ್ತಿ ಗುಂಪು, ಬೆಳಗಿನ ವಾಯುವಿಹಾರದ ಗೆಳೆಯರ ಬಳಗ ಎಲ್ಲವೂ ಅದೇ ಆದೇಶದ ವ್ಯಾಪ್ತಿಗೆ ಬರುತ್ತಿದ್ದವು ಎಂಬುದೇ ನನಗೆ ಮುಖ್ಯವಾಗಿ ಕಂಡ ಸಂಗತಿ. ಹುಬ್ಬಳ್ಳಿಯ ಸಂಸ್ಥೆಯೊಂದು ಸಲ್ಲಿಸಿದ ರಿಟ್ ಅರ್ಜಿಯಲ್ಲಿ ಹೈಕೋರ್ಟಿನ ಧಾರವಾಡ ಪೀಠದ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅಕ್ಟೋಬರ್ 28ರಂದು ಈ ಆದೇಶಕ್ಕೆ ಮಧ್ಯಂತರ ತಡೆ ನೀಡಿದರು. ಸರ್ಕಾರದ ಮೇಲ್ಮನವಿಯನ್ನು ನವೆಂಬರಿನಲ್ಲಿ ವಿಭಾಗೀಯ ಪೀಠ ವಜಾಗೊಳಿಸಿತು.

ಮಧ್ಯಂತರ ಆದೇಶ ಅಂತಿಮ ತೀರ್ಪಲ್ಲ ಎಂಬುದು ನಿಜ. ಆದರೂ ಅದರ ಹಿಂದಿರುವ ತತ್ವ ಗಟ್ಟಿಯಾದದ್ದು: ಮೂಲಭೂತ ಹಕ್ಕಿಗೆ ಕಡಿವಾಣ ಹಾಕಬೇಕಾದರೆ ಶಾಸನ ಬೇಕು, ಕಚೇರಿಯಿಂದ ಹೊರಟ ಆದೇಶ ಸಾಲದು. ರಾಷ್ಟ್ರಗೀತೆಗೆ ಸಂಬಂಧಿಸಿದ 1986ರ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲೂ ಶಿಕ್ಷಣ ಇಲಾಖೆಯ ಸುತ್ತೋಲೆಗಳಿಗೆ ಅಂಥ ಬಲವಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಇಂಥ ಆದೇಶ ಯಾವ ಪಕ್ಷದ ಸರ್ಕಾರದಿಂದ ಬಂದರೂ ನಮ್ಮ ಪರೀಕ್ಷೆ ಒಂದೇ ಆಗಿರಬೇಕು, ಏಕೆಂದರೆ ಇಂದು ಅಧಿಕಾರದಲ್ಲಿ ಇರುವವರು ನಿನ್ನೆ ಬೀದಿಯಲ್ಲಿದ್ದವರು. 2022ರಲ್ಲಿ ಅಂದಿನ ಮುಖ್ಯಮಂತ್ರಿಯವರ ನಿವಾಸದ ಕಡೆಗೆ ಮೆರವಣಿಗೆ ಹೊರಟ ಪ್ರಕರಣದಲ್ಲಿ ಸಿದ್ದರಾಮಯ್ಯನವರಿಗೇ ಹೈಕೋರ್ಟ್ 2024ರ ಫೆಬ್ರವರಿಯಲ್ಲಿ 10,000 ರೂಪಾಯಿ ದಂಡ ವಿಧಿಸಿತ್ತು, ಸುಪ್ರೀಂ ಕೋರ್ಟ್ ಅದೇ ತಿಂಗಳು ಅದಕ್ಕೆ ತಡೆ ನೀಡಿತು.

ಬೆಂಗಳೂರಿನ ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು. 1993ರ ಅಕ್ಟೋಬರ್ 2ರಂದು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ (ಗ್ಯಾಟ್) ಕರಡಾಗಿದ್ದ ಡಂಕೆಲ್ ಪ್ರಸ್ತಾವದ ವಿರುದ್ಧ ರೈತರು ಕಬ್ಬನ್ ಉದ್ಯಾನದಲ್ಲಿ ಸೇರಿದಾಗ ಎದುರಿಗೇ ವಿಧಾನಸೌಧವಿತ್ತು. ಈಗ ವಿಧಾನಸೌಧದ ಸುತ್ತ ಕಬ್ಬಿಣದ ಬೇಲಿ ಇದೆ, ಪ್ರತಿಭಟನೆಗೆ ಇರುವ ಜಾಗ ಸ್ವಾತಂತ್ರ್ಯ ಉದ್ಯಾನ (ಫ್ರೀಡಂ ಪಾರ್ಕ್). ಇದು ಹಳೆಯ ಸೆಂಟ್ರಲ್ ಜೈಲಿನ ಆವರಣ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರಂಥವರನ್ನು ಇಟ್ಟಿದ್ದ ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, 2008ರಲ್ಲಿ ಸುಮಾರು 21 ಎಕರೆಯ ಈ ಜಾಗ ಉದ್ಯಾನವಾಗಿ ತೆರೆದುಕೊಂಡಿತು, ಅದರ ಒಂದು ಭಾಗವನ್ನು ಧರಣಿಗಳಿಗೆಂದು ಬಿಡಲಾಯಿತು. ಪ್ರತಿಭಟನೆಗಳಿಂದಾಗುವ ಸಂಚಾರ ದಟ್ಟಣೆಯ ಬಗ್ಗೆ 2021ರಲ್ಲಿ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಅರ್ಜಿ ದಾಖಲಿಸಿಕೊಂಡಿತು. ಅದೇ ವರ್ಷದ ಹೆಸರಿನಲ್ಲಿ ಬೆಂಗಳೂರು ನಗರಕ್ಕೆ ಪ್ರತಿಭಟನೆಗಳ ಪರವಾನಗಿ ಮತ್ತು ನಿಯಂತ್ರಣದ ಆದೇಶ ಬಂದಿತು. 2022ರ ಮಾರ್ಚ್‌ನಲ್ಲಿ, ಸ್ವಾತಂತ್ರ್ಯ ಉದ್ಯಾನ ಬಿಟ್ಟು ಬೇರೆಲ್ಲೂ ಪ್ರತಿಭಟನೆಗೆ ಅವಕಾಶ ಕೊಡಬಾರದೆಂದು ಹೈಕೋರ್ಟ್ ನಿರ್ದೇಶಿಸಿತು.

ಸಂಚಾರದ ಅಳಲನ್ನು ನಾನು ಹಗುರವಾಗಿ ಕಾಣುವವಳಲ್ಲ. ಮೈಸೂರು ಬ್ಯಾಂಕ್ ವೃತ್ತದಲ್ಲಿ ಮೆರವಣಿಗೆಯ ನಡುವೆ ಸಿಲುಕಿದ ಆಂಬುಲೆನ್ಸಿನ ಸದ್ದನ್ನು ಕೇಳಿದ ಯಾರೂ ಹಾಗೆ ಕಾಣಲಾರರು. ಶಾಹೀನ್ ಬಾಗ್ ಪ್ರಕರಣದಲ್ಲಿ 2020ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿಕೊಳ್ಳುವಂತಿಲ್ಲ ಎಂದಿದೆ, ನನ್ನ ಕಕ್ಷಿದಾರರಿಗೂ ನಾನು ಅದನ್ನೇ ಹೇಳುತ್ತೇನೆ. ಆದರೆ ಇಡೀ ರಾಜಧಾನಿಗೆ ಒಂದೇ ಜಾಗವೆಂದಾಗ, ಬೀದರಿನಿಂದ ಚಾಮರಾಜನಗರದವರೆಗಿನ ದೂರುಗಳೆಲ್ಲ ಆ ಒಂದು ಗೇಟಿಗೆ ಬಂದು ನಿಲ್ಲುತ್ತವೆ. ಒಂದೇ ದಿನ ನಾಲ್ಕು ಸಂಘಟನೆಗಳ ಶಾಮಿಯಾನಗಳು ಅಕ್ಕಪಕ್ಕ ಎದ್ದಿದ್ದು, ಒಬ್ಬರ ಮೈಕಿನ ಸದ್ದಿನಲ್ಲಿ ಇನ್ನೊಬ್ಬರ ಭಾಷಣ ಕಳೆದುಹೋಗುವುದನ್ನು ನಾನು ನೋಡಿದ್ದೇನೆ. ಅಲ್ಲಿಂದ ವಿಧಾನಸೌಧಕ್ಕೆ ನಡೆದರೆ ಅರ್ಧ ಗಂಟೆಯೂ ಬೇಡ, ಆದರೂ ಅಲ್ಲಿ ಕೂಗಿದ್ದು ಇಲ್ಲಿ ಕೇಳುವುದಿಲ್ಲ.

ಪ್ರತಿಭಟನೆಯ ಹಕ್ಕಿನಲ್ಲಿ ಈ ದೂರ ಬಹಳ ಮುಖ್ಯವಾದದ್ದು. ಯಾರನ್ನು ಉದ್ದೇಶಿಸಿ ಮಾತಾಡುತ್ತಿದ್ದೇವೋ ಅವರ ಕಣ್ಣಿಗೆ ಬೀಳಬೇಕು, ಕಿವಿಗೆ ಕೇಳಬೇಕು. 1980ರ ಜುಲೈ 21ರಂದು ನರಗುಂದದ ರೈತರು ಹೋಗಿ ಕೂತದ್ದು ಊರಾಚೆಯ ಬಯಲಿನಲ್ಲಲ್ಲ, ತಹಶೀಲ್ದಾರರ ಕಚೇರಿಯ ಮುಂದೆ. ದೆಹಲಿಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. 1988ರ ರೈತರ ಬೃಹತ್ ಧರಣಿಯ ನಂತರದ ವರ್ಷಗಳಲ್ಲಿ ಸಂಸತ್ತಿನ ಸಮೀಪದ ಬೋಟ್ ಕ್ಲಬ್ಬಿನ ಹುಲ್ಲುಹಾಸು ಪ್ರತಿಭಟನೆಗಳಿಗೆ ಮುಚ್ಚಿತು, ಜಂತರ್ ಮಂತರ್ ಆ ಸ್ಥಾನಕ್ಕೆ ಬಂತು, 2017ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನೂ ನಿಷೇಧಿಸಿತು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಅರ್ಜಿಯ ಮೇಲೆ 2018ರ ಜುಲೈ 23ರಂದು ಸುಪ್ರೀಂ ಕೋರ್ಟ್, ನಿವಾಸಿಗಳ ನೆಮ್ಮದಿಯನ್ನೂ ತೂಗಿ ನೋಡಿ, ಈ ಎರಡೂ ಕಡೆ ಸಂಪೂರ್ಣ ನಿಷೇಧ ಸಲ್ಲದು, ಎರಡು ತಿಂಗಳಲ್ಲಿ ಮಾರ್ಗಸೂಚಿ ರೂಪಿಸಿ ಎಂದಿತು. ಬೆಂಗಳೂರಿನಲ್ಲೂ ವಿಧಾನಸೌಧಕ್ಕೆ ಎದುರಾಗಿ, ಇಂತಿಷ್ಟೇ ಜನ, ಇಂತಿಷ್ಟೇ ಹೊತ್ತು, ಧ್ವನಿವರ್ಧಕವಿಲ್ಲದೆ ಎಂಬ ಷರತ್ತಿನ ಮೇಲಾದರೂ ಒಂದು ಸಣ್ಣ ಜಾಗವನ್ನು ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 2025ರ ಜೂನ್‌ನಿಂದ ಅದೇ ಕಟ್ಟಡಕ್ಕೆ ರಜಾದಿನಗಳಲ್ಲಿ 50 ರೂಪಾಯಿ ಟಿಕೆಟಿನ ಮೇಲೆ ಪ್ರವಾಸಿಗರನ್ನು ಒಳಗೆ ಬಿಡುವ ವ್ಯವಸ್ಥೆಯಾಗಿರುವುದು ಸಂತೋಷದ ವಿಷಯ. ಪ್ರವಾಸಿಗರ ಭದ್ರತೆಯನ್ನು ನಿಭಾಯಿಸಬಲ್ಲ ಆಡಳಿತಕ್ಕೆ ಐವತ್ತು ಜನರ ಮೌನ ಧರಣಿಯನ್ನು ನಿಭಾಯಿಸುವುದು ಅಸಾಧ್ಯವಾಗಲಾರದು.

ಇನ್ನು ನಿಷೇಧಾಜ್ಞೆಯ ಮಾತು. ಹಿಂದಿನ 144ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಾಗಿದೆ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಮೂರು ದಿನ ಹೇರಿದ್ದ ನಿಷೇಧಾಜ್ಞೆಯನ್ನು (ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪುರಭವನದ ಬಳಿ ವಶಕ್ಕೆ ಪಡೆದದ್ದು ಇದೇ ಸಂದರ್ಭದಲ್ಲಿ) ಹೈಕೋರ್ಟ್ 2020ರ ಫೆಬ್ರವರಿ 13ರಂದು ಕಾನೂನುಬಾಹಿರವೆಂದು ಘೋಷಿಸಿತು. ಅದಕ್ಕೂ ಒಂದು ತಿಂಗಳ ಹಿಂದೆ ಅನುರಾಧಾ ಭಾಸಿನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇಂಥ ಆದೇಶಗಳನ್ನು ಪ್ರಕಟಿಸಬೇಕು, ಕಾರಣ ಕೊಡಬೇಕು, ನ್ಯಾಯಬದ್ಧ ಅಭಿಪ್ರಾಯವನ್ನು ಹತ್ತಿಕ್ಕಲು ಬಳಸಬಾರದು ಎಂದಿತ್ತು. ಆದ್ದರಿಂದ '163 ಜಾರಿಯಲ್ಲಿದೆ' ಎಂದು ಬಾಯಿಮಾತಿನಲ್ಲಿ ಹೇಳಿದರೆ ಆದೇಶದ ಪ್ರತಿಯನ್ನು ಕೇಳಿ. ಆಜ್ಞೆ ಮೀರಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮಿನಡಿ ಪ್ರಕರಣ ದಾಖಲಾದರೆ, ಸಂಬಂಧಪಟ್ಟ ಅಧಿಕಾರಿ, ಅವರ ಮೇಲಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ದೂರು ಕೊಡದ ಹೊರತು ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಇದನ್ನು ಸುರಕ್ಷಾ ಸಂಹಿತೆಯ 215ನೇ ಕಲಂ ಹೇಳುತ್ತದೆ. ಎಷ್ಟೋ ಬಡ ಕಾರ್ಮಿಕರು ಈ ಒಂದು ಅಂಶ ತಿಳಿಯದೆ ವರ್ಷಗಟ್ಟಲೆ ವಾಯಿದೆಗೆ ಅಲೆಯುತ್ತಾರೆ.

ನೀರುಗಂಟಿಗಳಿಗೆ ನಾನು ಹೇಳಿದ ಮೊದಲ ಮಾತು, ಅರ್ಜಿಯನ್ನು ಯಾರ ಕೈಗೂ ಕೊಡಬೇಡಿ, ಟಪಾಲು ವಿಭಾಗಕ್ಕೆ ಹಾಕಿ, ಎರಡನೇ ಪ್ರತಿಯ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ ಎಂಬುದು. ತಾಲ್ಲೂಕು ಕಚೇರಿಗೂ ಠಾಣೆಗೂ ಒಂದೇ ದಿನ ಅರ್ಜಿ ಹೋಗಬೇಕು, ಒಂದರಲ್ಲಿ ಇನ್ನೊಂದರ ಉಲ್ಲೇಖ ಇರಬೇಕು. ಆಗ ಜಾಗ ಯಾರದು ಎಂಬ ತಗಾದೆಯನ್ನು ಆ ಎರಡು ಕಚೇರಿಗಳೇ ತಮ್ಮೊಳಗೆ ಬಗೆಹರಿಸಿಕೊಳ್ಳಬೇಕಾಗುತ್ತದೆ. ನಿರಾಕರಿಸುವುದಾದರೆ ಕಾರಣ ಸಹಿತ ಹಿಂಬರಹ ಕೊಡಬೇಕೆಂದು ಅರ್ಜಿಯಲ್ಲೇ ಕೋರಿಕೊಳ್ಳಬೇಕು. ಹಿಂಬರಹ ಕೈಯಲ್ಲಿದ್ದರೆ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು, ಬಾಯಿಮಾತಿನ 'ಇಲ್ಲ'ವನ್ನು ಪ್ರಶ್ನಿಸುವುದು ಕಷ್ಟ.

ಇನ್ನೊಂದು ವಿಷಯವನ್ನು ಕೆಲವು ವರ್ಷಗಳಿಂದ ನಾನು ಪ್ರತಿ ಅರ್ಜಿಯಲ್ಲೂ ಸೇರಿಸುತ್ತಿದ್ದೇನೆ. 2017ರ ಮಾರ್ಚ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಶೇಷಾದ್ರಿ ರಸ್ತೆಯಲ್ಲೇ ರಾತ್ರಿಗಳನ್ನು ಕಳೆದರು, 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಸ್ವಾತಂತ್ರ್ಯ ಉದ್ಯಾನದಲ್ಲಿ ನಾಲ್ಕು ದಿನ ಕೂತಿದ್ದರು. ಶೌಚಾಲಯಕ್ಕೆ ಹೋಗಬೇಕಾದೀತೆಂದು ಹಗಲೆಲ್ಲ ನೀರು ಕುಡಿಯದೆ ಕೂತ ಹೆಂಗಸರನ್ನು ನಾನು ಧರಣಿಗಳಲ್ಲಿ ಕಂಡಿದ್ದೇನೆ. ಪರವಾನಗಿಯಲ್ಲಿ ಪ್ರತಿಭಟನಕಾರರು ಏನೇನು ಮಾಡಬಾರದೆಂಬ ಷರತ್ತುಗಳೇ ತುಂಬಿರುತ್ತವೆ, ಆಡಳಿತ ಏನು ಮಾಡಬೇಕೆಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹಾಗಾಗಿ ಕುಡಿಯುವ ನೀರು, ಮಹಿಳೆಯರಿಗೆ ಶೌಚಾಲಯ, ನೆರಳು, ಜೊತೆಗೆ ಮನವಿ ಸ್ವೀಕರಿಸುವ ಅಧಿಕಾರಿಯ ಪದನಾಮ ಮತ್ತು ಅವರು ಬರುವ ಸಮಯ, ಇವುಗಳನ್ನು ಅನುಮತಿ ಪತ್ರದಲ್ಲೇ ನಮೂದಿಸಬೇಕೆಂದು ಕೇಳುತ್ತೇನೆ. ಬಹಳ ಸಲ ಸಿಗುವುದಿಲ್ಲ, ಒಮ್ಮೊಮ್ಮೆ ಸಿಗುತ್ತದೆ.

ನೀರುಗಂಟಿಗಳಿಗೆ ಹನ್ನೊಂದನೆಯ ದಿನ ಲಿಖಿತ ಅನುಮತಿ ಬಂತು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಗೇಟಿನ ಎಡಬದಿಯ ಹೊಂಗೆ ಮರದಡಿ, ಮೈಕ್ ಇಲ್ಲದೆ. ನಾನು ಕೇಳಿದ್ದರಲ್ಲಿ ನೀರು ಮತ್ತು ಮನವಿ ಸ್ವೀಕರಿಸುವ ಅಧಿಕಾರಿಯ ವಿಷಯ ಮಾತ್ರ ಅದರಲ್ಲಿತ್ತು. ಮೂರೂವರೆಗೆ ಆ ಅಧಿಕಾರಿ ಕಚೇರಿಯಿಂದ ಇಳಿದು ಮರದಡಿಗೆ ಬಂದರು, ಇಪ್ಪತ್ತು ನಿಮಿಷ ನಿಂತು ಒಬ್ಬೊಬ್ಬರ ಬಾಕಿ ಎಷ್ಟು ತಿಂಗಳದ್ದೆಂದು ಕೇಳಿದರು, ಮನವಿಯ ಪ್ರತಿಯ ಮೇಲೆ ಉತ್ತರ ಕೊಡುವ ತಾರೀಖನ್ನು ಸ್ವತಃ ಬರೆದು ಸಹಿ ಹಾಕಿದರು. ಆ ಪ್ರತಿಯನ್ನು ಹಿರಿಯರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನಗೆ ತೋರಿಸಲು ತಂದಿದ್ದರು.